ಗಟ್ಟಿಮರದ ಮುಖಹಲಗೆಯ ಗಿಟಾರ್: ಉತ್ತರ ಕನ್ನಡದ ಮರ ಮತ್ತು ಹವೆಗೆ ಹೊಂದುವಂತೆ ಕಟ್ಟುವ ಕ್ರಮ

ಮರಗೆಲಸದವರ ಲೆಕ್ಕದಲ್ಲಿ ಒಂದು ನೂಲು ಎಂದರೆ ಅಂಗುಲದ ಎಂಟನೆಯ ಒಂದು ಪಾಲು, ಮಿಲಿಮೀಟರಿನಲ್ಲಿ ಹೇಳುವುದಾದರೆ 3.2. ಸಾಗವಾನಿ ಹಲಗೆಯನ್ನು ಅದಕ್ಕಿಂತಲೂ ತೆಳ್ಳಗೆ ಉಜ್ಜಬೇಕು, ಆಮೇಲೆ ಅದು 70 ಕಿಲೋಗೂ ಮೀರಿದ ತಂತಿಯ ಎಳೆತವನ್ನು ವರ್ಷಗಟ್ಟಲೆ ತಡೆಯಬೇಕು ಎಂದು ಹೇಳಿದರೆ ಬಾಗಿಲು, ಕಿಟಕಿ ಮಾಡಿ ಕೈ ಪಳಗಿದ ಆಚಾರಿ ನಗುತ್ತಾನೆ. ಗಟ್ಟಿಮರದ ಮುಖಹಲಗೆಯ, ಅಂದರೆ ತಂತಿಗಳ ಕೆಳಗೆ ಪೆಟ್ಟಿಗೆಯನ್ನು ಮುಚ್ಚುವ ಹಲಗೆಯ, ಗಿಟಾರ್ ಕಟ್ಟುವವರು ಮೊದಲು ಗೆಲ್ಲಬೇಕಾದದ್ದು ಈ ಅಳುಕನ್ನೇ. ಹಲಗೆಯನ್ನು ದಪ್ಪವಾಗಿ ಬಿಟ್ಟು ವಾದ್ಯವನ್ನು ಮೂಕ ಮಾಡಿದವರು ಬಹಳ, ತೀರ ತೆಳುವಾಗಿಸಿ ಮುರಿದುಕೊಂಡವರು ಕಡಿಮೆ.

ಇಲ್ಲಿ ಗಟ್ಟಿಮರ ಎಂದರೆ ಕೈಗೆ ಗಡುಸಾಗಿರುವ ಮರವೆಂದಲ್ಲ, ಅಗಲ ಎಲೆಯ ಜಾತಿಯ ಮರವೆಂದು ಅರ್ಥ. ಆ ಅರ್ಥದಲ್ಲಿ ಉಗುರಿನಿಂದ ಗೀರಿದರೂ ಗುರುತು ಬೀಳುವ ಶಿವಣೆಯೂ ಗಟ್ಟಿಮರವೇ. ಕಾರ್ಖಾನೆಗಳ ಗಿಟಾರಿನಲ್ಲಿ ಮುಖಹಲಗೆಗೆ ಸಾಮಾನ್ಯವಾಗಿ ಬಳಸುವುದು ಸ್ಪ್ರೂಸ್ ಅಥವಾ ಸೀಡರ್, ಅಂದರೆ ಸೂಜಿ ಎಲೆಯ ಜಾತಿಗಳು. ಅವು ಹಗುರ, ಆದರೆ ಎಳೆಯ ಉದ್ದಕ್ಕೆ ಬಿಗಿ. ಹಾಗೆಂದು ಗಟ್ಟಿಮರದ ಮುಖಹಲಗೆ ಹೊಸ ಹುಚ್ಚೇನೂ ಅಲ್ಲ. ಅಮೆರಿಕದ ಮಾರ್ಟಿನ್ ಕಂಪನಿ 1920ರ ದಶಕದಲ್ಲಿಯೇ ಪೂರ್ತಿ ಮಹಾಗನಿಯ ಗಿಟಾರುಗಳನ್ನೂ ಹವಾಯಿಯ ಕೋವಾ ಮರದ ಗಿಟಾರುಗಳನ್ನೂ ಮಾರುತ್ತಿತ್ತು. ನಮ್ಮಲ್ಲಂತೂ ಸಿತಾರಿನ ತಬ್ಲಿಗೆ, ಅಂದರೆ ಮುಖಹಲಗೆಗೆ, ತುನ್ ಅಥವಾ ತೇಗ, ವೀಣೆಗೆ ಹಲಸು ಎನ್ನುವುದು ರೂಢಿಯ ಮಾತು. ಗಿಟಾರಿನ ದನಿಯಲ್ಲಿ ಮುಖಹಲಗೆಯದೇ ದೊಡ್ಡ ಪಾಲು ಎನ್ನುವುದನ್ನು ತೋರಿಸಲು ಸ್ಪೇನಿನ ಆಂಟೋನಿಯೊ ಡೆ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮುಖವನ್ನು ಮಾತ್ರ ಸ್ಪ್ರೂಸಿನಲ್ಲಿಟ್ಟು ಒಂದು ಗಿಟಾರ್ ಕಟ್ಟಿದ್ದರು. ಆದ್ದರಿಂದ ಈ ಲೇಖನದ ಹೆಚ್ಚಿನ ಪಾಲು ಮುಖಹಲಗೆಗೇ ಮೀಸಲು. ಉಳಿದ ಭಾಗಗಳನ್ನು ಅಗತ್ಯವಿದ್ದಷ್ಟೇ ಹೇಳಿದ್ದೇನೆ.

ಮರವನ್ನು ಆರಿಸುವುದು

ನಮ್ಮ ಜಿಲ್ಲೆಯಲ್ಲಿ ಮರಕ್ಕೆ ಬರವಿಲ್ಲ ಎಂದುಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟಕ್ಕೆ ಹೊಂದಿಕೊಂಡ ಬೆಟ್ಟದಿಂದ ಸೊಪ್ಪು, ದರಕು ತರುವ ಸೌಲಭ್ಯವಿದೆಯೇ ಹೊರತು ಅಲ್ಲಿನ ತೇಗ, ಬೀಟೆಯನ್ನು ಮನಸ್ಸಿಗೆ ಬಂದಂತೆ ಕಡಿಯುವ ಹಕ್ಕಿಲ್ಲ. ಸ್ವಂತ ಜಮೀನಿನ ಮರಕ್ಕೂ ಕಡಿಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು, ನಾಟಾ ಸಾಗಿಸುವಾಗ ಪಾಸು ಕೈಯಲ್ಲಿರಬೇಕು. ದಾಂಡೇಲಿಯ ಇಲಾಖೆಯ ಡಿಪೋದಲ್ಲಿ ಹರಾಜಾಗುವ ದಿಮ್ಮಿ ಒಂದೆರಡು ಗಿಟಾರಿಗೆ ಹೆಚ್ಚೇ ಆಗುತ್ತದೆ. ಅಲ್ಲಿ ಕೊಂಡವರ ನಾಟಾ ಮಿಲ್ಲಿಗೆ ಹೋಗಿ, ಬಿಲ್ಲಿನೊಂದಿಗೆ ಬೇಕಾದ ಎರಡು ಹಲಗೆಯನ್ನಷ್ಟೇ ಕೇಳಿ ಪಡೆಯುವುದು ಸುಲಭ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಮೂಲವೆಂದರೆ ಕೆಡವುತ್ತಿರುವ ಹಳೆಯ ಹೆಂಚಿನ ಮನೆ. ಐವತ್ತು, ಅರವತ್ತು ವರ್ಷ ಮಾಡಿನ ಕೆಳಗೆ ಇದ್ದ ತೊಲೆಯಷ್ಟು ಹದಗೊಂಡ ಮರ ಯಾವ ಅಂಗಡಿಯಲ್ಲಿಯೂ ಸಿಗದು. ಗರಗಸಕ್ಕೆ ಕೊಡುವ ಮೊದಲು ಅಯಸ್ಕಾಂತ ಹಿಡಿದು ಮೊಳೆಗಳನ್ನು ಹುಡುಕಿ ತೆಗೆಯದಿದ್ದರೆ ಮಿಲ್ಲಿನವರು ಎರಡನೆಯ ಸಲ ಒಳಗೆ ಬಿಡುವುದಿಲ್ಲ.

ಯಾವ ಮರ ಎನ್ನುವುದಕ್ಕೆ ನನ್ನ ಆದ್ಯತೆ ಹೀಗಿದೆ. ಮೊದಲ ಗಿಟಾರಿಗೆ ಶಿವಣೆ ಉತ್ತಮ. ಒಣಗಿದ ಮೇಲೆ ಘನ ಮೀಟರಿಗೆ 480 ಕಿಲೋದ ಆಸುಪಾಸಿನಲ್ಲಿರುತ್ತದೆ, ಹವೆ ಬದಲಾದರೂ ಹೆಚ್ಚು ಅಲುಗುವುದಿಲ್ಲ, ಉಳಿಗೆ ವಿಧೇಯವಾಗಿರುತ್ತದೆ. ಗಂಧಗರಿಗೆಯೂ, ಅಂದರೆ ಉತ್ತರದವರು ತುನ್ ಎನ್ನುವ ಮರವೂ, ಇದೇ ತೂಕದ್ದು. ಹಲಸು ಇವೆರಡಕ್ಕಿಂತ ಭಾರ, ಆದರೆ ಹಳದಿ ಬಣ್ಣ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುವುದನ್ನು ನೋಡಿದವರು ಆ ಭಾರವನ್ನು ಕ್ಷಮಿಸುತ್ತಾರೆ. ತೇಗ ಸುಮಾರು 650 ಕಿಲೋ ತೂಗುತ್ತದೆ. ಅದರ ಎಣ್ಣೆಯಂಶ ಅಂಟಿಗೆ ಶತ್ರು, ಅದರೊಳಗಿನ ಸಿಲಿಕಾ ಉಜ್ಜುಗೊರಡಿನ ಅಲಗಿಗೆ ಶತ್ರು. ಆದರೂ ಅದರಷ್ಟು ನಂಬಿಕೆಗೆ ಅರ್ಹವಾದ ಮರ ಕರಾವಳಿಯ ಹವೆಗೆ ಇನ್ನೊಂದಿಲ್ಲ.

ಕರಾವಳಿಯ ಗುಡ್ಡಗಳ ಮೇಲೆ ಸಾಲುಸಾಲಾಗಿ ನೆಟ್ಟಿರುವ ಅಕೇಶಿಯಾವನ್ನು ಸೌದೆಯೆಂದು ತಳ್ಳಿಹಾಕುವವರಿಗೆ, ಗಿಟಾರ್ ಲೋಕದಲ್ಲಿ ಹೆಸರಾದ ಕೋವಾ ಕೂಡ ಅಕೇಶಿಯಾ ಕುಲದ್ದೇ ಎಂದು ತಿಳಿದರೆ ಆಶ್ಚರ್ಯವಾದೀತು. ನೇರ ಬೊಡ್ಡೆ ಸಿಗುವುದು ಕಷ್ಟ, ಗಂಟುಗಳು ಜಾಸ್ತಿ, ಒಣಗುವಾಗ ಸೀಳುವುದೂ ಹೌದು. ಹತ್ತು ಹಲಗೆ ಕೊಯ್ಸಿದರೆ ಎರಡು ಮುಖಕ್ಕೆ ಬರಬಹುದು. ಆದರೆ ಆ ಎರಡರ ದನಿ ನನಗೆ ತೇಗಕ್ಕಿಂತ ಹೆಚ್ಚು ಹಿಡಿಸಿದೆ. ಮತ್ತಿ, ಹೊನ್ನೆಗಳು ಮುಖಕ್ಕೆ ತೀರ ಭಾರ. ಬೀಟೆ ಘನ ಮೀಟರಿಗೆ 830 ಕಿಲೋ ತೂಗುವ ಮರ, ಅದನ್ನು ಬೆನ್ನಿಗೂ ಪಕ್ಕಕ್ಕೂ ಇಟ್ಟುಕೊಳ್ಳಿ. ಬೀಟೆಯ ವಾದ್ಯವನ್ನು ಹೊರದೇಶಕ್ಕೆ ಕೊಡುವ ಆಲೋಚನೆಯಿದ್ದವರು ಇದನ್ನೂ ತಿಳಿದಿರಬೇಕು: ಮೊದಲ ಪಟ್ಟಿಯಲ್ಲಿರುವ ಬ್ರೆಜಿಲಿನ ಒಂದು ಜಾತಿಯನ್ನು ಬಿಟ್ಟು ಆ ಕುಲದ ಮರಗಳೆಲ್ಲ 2017ರ ಜನವರಿಯಿಂದ, ಅಪಾಯದಲ್ಲಿರುವ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ, 2019ರ ನವೆಂಬರಿನಿಂದ ಸಿದ್ಧ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಕಚ್ಚಾ ಹಲಗೆಗೆ ಆ ವಿನಾಯಿತಿ ಇಲ್ಲ.

ಮರದ ಹೆಸರಿಗಿಂತ ಹಲಗೆಯ ಕೊಯ್ತ ಮುಖ್ಯ. ಹಲಗೆಯ ತುದಿಯನ್ನು ನೋಡಿದಾಗ ಬೆಳವಣಿಗೆಯ ಉಂಗುರಗಳು ಅಗಲದ ಮೇಲ್ಮೈಗೆ ನೆಟ್ಟಗೆ ನಿಂತಿರಬೇಕು. ದಿಮ್ಮಿಯ ನಡುವಿನಿಂದ, ತಿರುಳಿನ ಎರಡೂ ಬದಿಗೆ ಕೊಯ್ದ ಹಲಗೆಗಳಲ್ಲಿ ಮಾತ್ರ ಇದು ಸಿಗುತ್ತದೆ. ತಿರುಳನ್ನೇ ಒಳಗೊಂಡ ಹಲಗೆ ಬೇಡ, ಅದು ಸೀಳಿಯೇ ಸೀಳುತ್ತದೆ. ಹೊರಗಿನ ಬಿಳಿ ಭಾಗವೂ ಬೇಡ, ಅದಕ್ಕೆ ಕುಟ್ಟೆ ಹಿಡಿಯುತ್ತದೆ. ಎಳೆ ಹಲಗೆಯ ಉದ್ದಕ್ಕೂ ಮೇಲ್ಮೈಗೆ ಸಮಾನಾಂತರವಾಗಿ ಸಾಗಿದೆಯೇ ಎಂದು ತಿಳಿಯಲು, ತುದಿಯಿಂದ ಒಂದು ತುಂಡನ್ನು ಕೊಯ್ದು ಸೌದೆ ಸೀಳುವಂತೆ ಉಳಿಯಿಂದ ಸೀಳಿ ನೋಡಿ. ಕಣ್ಣಿಗೆ ನೇರವಾಗಿ ಕಂಡ ಎಳೆ ಸೀಳಿದಾಗ ಓರೆಯಾಗಿ ಹೊರಟರೆ ಆ ಹಲಗೆ 2.5 ಮಿ.ಮೀ. ದಪ್ಪದಲ್ಲಿ ಕೈಕೊಡುತ್ತದೆ.

ಒಣಗಿಸುವುದು ಮತ್ತು ಹವೆಯನ್ನು ಅಳೆಯುವುದು

ಮಿಲ್ಲಿನಲ್ಲಿ 6 ಮಿ.ಮೀ. ದಪ್ಪಕ್ಕೆ ಕೊಯ್ಸಿದ ಜೋಡಿ ಹಲಗೆಗಳ ನಡುವೆ ಒಂದೇ ಅಳತೆಯ ರೀಪುಗಳನ್ನಿಟ್ಟು ಪೇರಿಸಿ, ಮೇಲೆ ಭಾರ ಹೇರಿ, ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿಯಬೇಕು. ಶಿರಸಿ ಕಡೆಯ ಹಳೆಯ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಇದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು. ಒಲೆಯ ಹೊಗೆ ಹುಳುವನ್ನೂ ಬೂಷ್ಟನ್ನೂ ದೂರವಿಡುತ್ತಿತ್ತು. ಈಗ ಗ್ಯಾಸು ಬಂದು ಹೊಗೆ ಹೋಗಿದೆ, ಆದರೆ ಹೆಂಚಿನ ಕೆಳಗಿನ ಬಿಸಿ ಹಾಗೆಯೇ ಇದೆ. ಅಡಿಕೆ ಡ್ರೈಯರಿನೊಳಗೆ ಹಲಗೆ ಇಡುವ ಆಸೆಯನ್ನು ತಡೆದುಕೊಳ್ಳಿ, ಅಷ್ಟು ಬಿಸಿಗೆ ಮೇಲ್ಮೈ ಒಣಗಿ ಒಳಗು ಹಸಿಯಾಗಿಯೇ ಉಳಿದು ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೆಯೇ ಪೆನ್ಸಿಲಿನಿಂದ ತಾರೀಖು, ತೂಕ ಬರೆಯುತ್ತ ಹೋಗಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಹಲಗೆ ಆ ಕೋಣೆಯ ಹವೆಗೆ ಒಗ್ಗಿದೆ ಎಂದರ್ಥ.

ಆದರೆ ಆ ಕೋಣೆಯ ಹವೆಯೇ ಇಲ್ಲಿನ ದೊಡ್ಡ ತೊಡಕು. ಗಾಳಿಯ ತೇವ ಶೇ 80ರಲ್ಲಿದ್ದಾಗ ಮರದೊಳಗೆ ಸುಮಾರು ಶೇ 16ರಷ್ಟು ನೀರಿರುತ್ತದೆ, ಶೇ 45ಕ್ಕೆ ಇಳಿದಾಗ ಅದು ಶೇ 9ರ ಹತ್ತಿರ ಬರುತ್ತದೆ. ಈ ವ್ಯತ್ಯಾಸಕ್ಕೆ 360 ಮಿ.ಮೀ. ಅಗಲದ, ಉಂಗುರ ನೆಟ್ಟಗಿರುವ ತೇಗದ ಮುಖ ಸುಮಾರು 2 ಮಿ.ಮೀ. ಕುಗ್ಗುತ್ತದೆ. ಅದೇ ಅಗಲದ ಸಿಟ್ಕಾ ಸ್ಪ್ರೂಸ್ ಮೂರೂವರೆ ಮಿ.ಮೀ. ಕುಗ್ಗುತ್ತದೆ ಎನ್ನುವುದು ತೇಗದ ಪರವಾಗಿರುವ ಮಾತು. ಕುಗ್ಗಲು ಬಿಡದಂತೆ, ಬಲಕ್ಕಾಗಿ ಒಳಮೈಗೆ ಅಂಟಿಸಿದ ಕಡ್ಡಿಗಳು ಅಡ್ಡಲಾಗಿ ಹಿಡಿದಿರುತ್ತವೆ, ಆದ್ದರಿಂದ ಹಲಗೆ ಒಂದೋ ಒಳಕ್ಕೆ ಕುಸಿಯಬೇಕು, ಇಲ್ಲವೇ ಸೀಳಬೇಕು.

ಇದನ್ನು ನಾನು ಓದಿ ಕಲಿತದ್ದಲ್ಲ. ನನ್ನ ಎರಡನೆಯ ಗಿಟಾರಿಗೆ ಕಾರವಾರದಲ್ಲಿ, ಸಮುದ್ರದಿಂದ ಕೂಗಳತೆಯ ಮನೆಯಲ್ಲಿ, ಆಷಾಢದ ಜಡಿಮಳೆಯಲ್ಲಿ ಕಡ್ಡಿ ಅಂಟಿಸಿದೆ. ಗೋಡೆಯ ತೇವಮಾಪಕ ಶೇ 86 ತೋರಿಸುತ್ತಿತ್ತು, ನಾನು ಅದನ್ನು ಗಡಿಯಾರದಂತೆ ನೋಡಿ ಸುಮ್ಮನಾದೆ. ಗಿಟಾರ್ ಕೊಂಡ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಹೋದ. ಫೆಬ್ರವರಿಯ ಕೊನೆಗೆ ಅವನು ಕಳಿಸಿದ ಚಿತ್ರದಲ್ಲಿ ನಾದರಂಧ್ರದ ಅಂಚಿನಿಂದ, ಮುಖದ ಮೇಲೆ ತಂತಿಗಳನ್ನು ಹಿಡಿದಿಡುವ ಕುದುರೆಯ ಕಡೆಗೆ ಎಳೆಯ ಗುಂಟ ಒಂದು ಗೆರೆ ಹೋಗಿತ್ತು, ಉದ್ದ 11 ಸೆಂ.ಮೀ. ಮೇಲ್ಮೈಯ ಉಬ್ಬು ಹೋಗಿ ತಟ್ಟೆಯಂತೆ ತಗ್ಗಾಗಿತ್ತು, ತಂತಿಗಳು ಬೆರಳ ಹಲಗೆಯ ಮೆಟ್ಟುಗಳಿಗೆ ಅಂಟಿ ಕೂತಿದ್ದವು. ಮರದ ತಪ್ಪೂ ಇರಲಿಲ್ಲ, ಹುಡುಗನ ತಪ್ಪೂ ಇರಲಿಲ್ಲ.

ಆದ್ದರಿಂದ ಮುಖ ಮತ್ತು ಬೆನ್ನಿಗೆ ಕಡ್ಡಿ ಅಂಟಿಸುವ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಿಕೊಳ್ಳಬೇಕು. ಆಗಲೂ ಕರಾವಳಿಯ ಗಾಳಿ ಬೇಕಾದಷ್ಟು ಒಣದಿರುವುದಿಲ್ಲ. ಹಳೆಯ ಕಪಾಟೊಂದಕ್ಕೆ 40 ವಾಟಿನ ಹಳೆಯ ಮಾದರಿಯ ಬಲ್ಬು ಹಾಕಿ, ಮೇಲೆ, ಕೆಳಗೆ ಎರಡೆರಡು ತೂತು ಕೊರೆದು, ಒಳಗಿನ ತೇವವನ್ನು ಶೇ 45ರಿಂದ 50ಕ್ಕೆ ತಂದು, ಹಲಗೆ ಮತ್ತು ಕಡ್ಡಿಗಳನ್ನು ಎರಡು ವಾರ ಅಲ್ಲಿಟ್ಟು, ಅಂಟಿಸುವ ಹೊತ್ತಿಗೆ ಮಾತ್ರ ಹೊರತೆಗೆಯುವುದು ನನ್ನ ಪದ್ಧತಿ. ಎಲ್‌ಇಡಿ ಬಲ್ಬು ಬಿಸಿಯಾಗದು, ಅದು ಉಪಯೋಗವಿಲ್ಲ. ಶಿರಸಿಯಲ್ಲಿ ಕೆಲಸ ಮಾಡುವವರಿಗೆ ಚಳಿಗಾಲದಲ್ಲಿ ನಮಗಿಂತ ಅನುಕೂಲ ಹೆಚ್ಚು, ಮಳೆಗಾಲದಲ್ಲಿ ಇಬ್ಬರದೂ ಒಂದೇ ಪಾಡು.

ಮಾಪಕವನ್ನು ನಂಬುವ ಮೊದಲು ಪರೀಕ್ಷಿಸಬೇಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತಂದು, ಮಾಪಕದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೆ ಮಾಪಕ 75 ತೋರಿಸಬೇಕು. ಹೆಚ್ಚು ಕಡಿಮೆ ತೋರಿಸಿದರೆ ಆ ವ್ಯತ್ಯಾಸವನ್ನು ಮಾಪಕದ ಬೆನ್ನಿಗೆ ಬರೆದು ಅಂಟಿಸಿ. ಇದಕ್ಕೆ ಪೊಟ್ಟಣದ ಶುದ್ಧೀಕರಿಸಿದ ಉಪ್ಪೇ ಆಗಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ಉಪ್ಪಿನಕಾಯಿಗೆ ಎಷ್ಟೇ ಶ್ರೇಷ್ಠವಾದರೂ ಗದ್ದೆಯುಪ್ಪಿನಲ್ಲಿ ಉಳಿಯುವ ಮೆಗ್ನೀಸಿಯಂ ಲವಣಗಳು ತೇವವನ್ನು ಹೆಚ್ಚು ಹೀರಿ ಲೆಕ್ಕವನ್ನು ಕೆಡಿಸುತ್ತವೆ.

ಜೋಡಿಸುವುದು ಮತ್ತು ತೆಳುವಾಗಿಸುವುದು

ಅಕ್ಕಪಕ್ಕದ ಎರಡು ಕೊಯ್ತದ ಹಲಗೆಗಳನ್ನು ಪುಸ್ತಕ ತೆರೆದಂತೆ ಬಿಡಿಸಿ ನಡುವೆ ಕೂಡಿಸಬೇಕು. ಕೂಡುವ ಅಂಚುಗಳನ್ನು ಉದ್ದನೆಯ ಉಜ್ಜುಗೊರಡಿನಿಂದ ಸಮ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಎಲ್ಲಿಯೂ ಕಾಣಬಾರದು. ತೇಗವಾದರೆ ಉಜ್ಜಿದ ಕೂಡಲೇ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹಳದಿ ಬಣ್ಣ ಬರುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತ ಹೋಗಿ, ಹದಿನೈದು ನಿಮಿಷದೊಳಗೆ ಅಂಟು ಹಚ್ಚಬೇಕು. ತಡವಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಪೀಠೋಪಕರಣಕ್ಕೆ ಬಳಸುವ ಸಾಮಾನ್ಯ ಬಿಳಿ ಅಂಟು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಜಾರುವುದರಿಂದ ನಾನು ಮುಖದ ಕೆಲಸಕ್ಕೆ ಅದನ್ನು ಬಳಸುವುದಿಲ್ಲ. ಹಳದಿ ಮರದಂಟು ಆಗಬಹುದು, ಸುಮಾರು 60 ಡಿಗ್ರಿಗೆ ಕಾಯಿಸಿ ಹಚ್ಚುವ ಸರೇಸು, ಅಂದರೆ ಪ್ರಾಣಿಯ ಚರ್ಮದ ಅಂಟು, ಇನ್ನೂ ಒಳ್ಳೆಯದು.

ಕೂಡಿಸಿದ ಹಲಗೆಯನ್ನು 520 ಮಿ.ಮೀ. ಉದ್ದ, 380 ಮಿ.ಮೀ. ಅಗಲಕ್ಕೆ ಕತ್ತರಿಸಿ. ಇಲ್ಲಿ ವಿವರಿಸುತ್ತಿರುವ ಗಿಟಾರಿನ ಪೆಟ್ಟಿಗೆ ಚಿಕ್ಕದು, 480 ಮಿ.ಮೀ. ಉದ್ದ, ಕೆಳಗಿನ ಅಗಲ 360 ಮಿ.ಮೀ. ಗಟ್ಟಿಮರದ ಮುಖಕ್ಕೆ ಚಿಕ್ಕ ಪೆಟ್ಟಿಗೆಯೇ ಒಪ್ಪುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಭಾರವೂ ಹೆಚ್ಚಿ ದನಿ ಮಂಕಾಗುತ್ತದೆ.

ಈಗ ಲೆಕ್ಕ ಹಾಕೋಣ. ಈ ಅಳತೆಯ ಸ್ಪ್ರೂಸ್ ಹಲಗೆ 2.9 ಮಿ.ಮೀ. ದಪ್ಪದಲ್ಲಿ ಸುಮಾರು 235 ಗ್ರಾಂ ತೂಗುತ್ತದೆ. ಅದೇ ದಪ್ಪದ ತೇಗ 370 ಗ್ರಾಂ ದಾಟುತ್ತದೆ. ತೇಗವನ್ನು 2.5ಕ್ಕೆ ಇಳಿಸಿದರೆ 320 ಗ್ರಾಂ. ತೂಕ ಇಳಿದದ್ದು ಶೇ 14ರಷ್ಟು ಮಾತ್ರ, ಆದರೆ ಬಾಗುವಿಕೆಯ ಬಿಗಿ ದಪ್ಪದ ಘನಕ್ಕೆ ಅನುಗುಣವಾದ್ದರಿಂದ ಬಿಗಿ ಶೇ 36ರಷ್ಟು ಇಳಿಯಿತು. ಗಟ್ಟಿಮರದ ಮುಖಹಲಗೆಯ ಇಡೀ ಕಷ್ಟ ಈ ಎರಡು ಅಂಕಿಗಳಲ್ಲಿದೆ. ಸ್ಪ್ರೂಸಿನ ತೂಕವನ್ನು ಮುಟ್ಟುತ್ತೇನೆಂದು ಹೊರಟರೆ ಬಿಗಿ ಹೋಗಿ ಹಲಗೆ ಚಾಪೆಯಾಗುತ್ತದೆ, ಬಿಗಿ ಉಳಿಸುತ್ತೇನೆಂದರೆ ತೂಕ ಉಳಿದು ದನಿ ಹೂತುಹೋಗುತ್ತದೆ. ಆದ್ದರಿಂದ ಹಲಗೆಯನ್ನು ಬಿಗಿ ಒಪ್ಪುವ ಕಡೆಗೆ ನಿಲ್ಲಿಸಿ, ಉಳಿದ ತೂಕವನ್ನು ಕಡ್ಡಿ, ಕುದುರೆ, ಪಾಲಿಶುಗಳಲ್ಲಿ ಗ್ರಾಂ ಗ್ರಾಂ ಲೆಕ್ಕದಲ್ಲಿ ಮರಳಿ ಗಳಿಸಬೇಕು.

ಉಜ್ಜುವಾಗ ಎಳೆ ಪಟ್ಟಿಪಟ್ಟಿಯಾಗಿ ದಿಕ್ಕು ಬದಲಿಸುವ ಮರದಲ್ಲಿ ಚಕ್ಕೆ ಏಳುತ್ತದೆ. ಅಲಗನ್ನು ಆಗಾಗ ಮಸೆದು, ಎಳೆಗೆ ಓರೆಯಾಗಿ, ತೀರ ತೆಳುವಾದ ಸಿಪ್ಪೆ ಬರುವಂತೆ ಸಾಗಬೇಕು. 3.2 ಮಿ.ಮೀ.ಗೆ ಬಂದಾಗ, ಅಂದರೆ ಆಚಾರಿಯ ಒಂದು ನೂಲಿಗೆ ಬಂದಾಗ, ಉಜ್ಜುಗೊರಡನ್ನು ಕೆಳಗಿಟ್ಟು ಕೆರೆಯುವ ತಗಡನ್ನೂ ಸ್ಯಾಂಡ್ ಪೇಪರನ್ನೂ ಹಿಡಿಯಿರಿ. ತೇಗ, ಬೀಟೆಗಳ ದೂಳು ಚರ್ಮಕ್ಕೂ ಶ್ವಾಸಕ್ಕೂ ಕೆಡುಕು, ಮುಖಕ್ಕೆ ಮಾಸ್ಕ್ ಇಲ್ಲದೆ ಈ ಕೆಲಸ ಬೇಡ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಕ್ಯಾಲಿಪರ್ ಒಂದೇ ಹೇಳಲಾರದು. ಮೇಜಿನ ಮೇಲೆ 480 ಮಿ.ಮೀ. ಅಂತರದಲ್ಲಿ ಎರಡು ರೀಪುಗಳನ್ನಿಟ್ಟು, ಹಲಗೆಯ ಎಳೆ ರೀಪಿಗೆ ಅಡ್ಡವಾಗುವಂತೆ ಇಡಿ. ನಡುವೆ ಅಗಲಕ್ಕೂ ಒಂದು ಮರದ ಪಟ್ಟಿಯಿಟ್ಟು, ಆಗಿನ ಎತ್ತರವನ್ನು ಡಯಲ್ ಗೇಜಿನಿಂದ ಓದಿಕೊಂಡು, ಪಟ್ಟಿಯ ಮೇಲೆ ಒಂದು ಕಿಲೋದ ತೂಕದ ಕಲ್ಲನ್ನು ಇಟ್ಟು ಹಲಗೆ ಎಷ್ಟು ಬಾಗಿತೆಂದು ನೋಡಿ. ಸ್ಪ್ರೂಸ್ 2.9 ಮಿ.ಮೀ. ದಪ್ಪದಲ್ಲಿ ಸುಮಾರು ಎರಡೂವರೆ ಮಿ.ಮೀ. ಬಾಗುತ್ತದೆ. ತೇಗ, ಹಲಸುಗಳನ್ನು ನಾನು 4 ಮಿ.ಮೀ. ಬಾಗುವವರೆಗೆ ತೆಳುವಾಗಿಸುತ್ತೇನೆ, 4.5 ದಾಟಲು ಬಿಡುವುದಿಲ್ಲ. ಒಳ್ಳೆಯ ತೇಗದಲ್ಲಿ ಇದು 2.5 ಮಿ.ಮೀ.ಗೆ, ಶಿವಣೆಯಲ್ಲಿ 2.8ರ ಹತ್ತಿರ ಬರುತ್ತದೆ. ಆದರೆ ಒಂದೇ ದಿಮ್ಮಿಯ ಎರಡು ಹಲಗೆಗಳು ಬೇರೆ ಬೇರೆ ದಪ್ಪದಲ್ಲಿ ಈ ಗುರಿ ಮುಟ್ಟುವುದನ್ನು ಕಂಡಿದ್ದೇನೆ, ಆದ್ದರಿಂದ ದಪ್ಪವನ್ನಲ್ಲ, ಬಾಗುವಿಕೆಯನ್ನು ನಂಬಿ.

ತಟ್ಟಿ ನೋಡುವುದನ್ನೂ ಅಭ್ಯಾಸ ಮಾಡಿಕೊಳ್ಳಬೇಕು. ಹಲಸಿನ ಹಣ್ಣನ್ನು ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುವ ನಮ್ಮವರಿಗೆ ಇದು ಕಷ್ಟವಾಗದು. ಹಲಗೆಯ ಮೇಲಿನ ಕಾಲುಭಾಗದ ಅಂಚನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ನಡುವೆ ಬೆರಳ ಗಿಣ್ಣಿನಿಂದ ತಟ್ಟಿದರೆ, ದಪ್ಪ ಹಲಗೆ ಟಕ್ ಎಂದು ಸುಮ್ಮನಾಗುತ್ತದೆ. ತೆಳುವಾಗುತ್ತ ಬಂದಂತೆ ಸ್ವರ ತಗ್ಗುತ್ತ, ಅನುರಣನ ನಿಧಾನವಾಗಿ ಬೆಳೆಯುತ್ತ ಹೋಗುತ್ತದೆ. ಆದರೂ ತಟ್ಟುವಿಕೆಯೊಂದನ್ನೇ ನೆಚ್ಚಿಕೊಳ್ಳಬಾರದು. ನಮಗೆ ಕೇಳಬೇಕೆನಿಸಿದ್ದನ್ನೇ ಕಿವಿ ಕೇಳುತ್ತದೆ.

ಕಡ್ಡಿಗಳು

ಮುಖದ ಒಳಮೈಗೆ ಅಂಟಿಸುವ ಕಡ್ಡಿಗಳಿಗೆ ಮಾತ್ರ ಗಟ್ಟಿಮರ ಬೇಡ. ಹಗುರವಾದ, ನೇರ ಎಳೆಯ ಸ್ಪ್ರೂಸ್ ಅಥವಾ ಪೈನ್ ಬೇಕು. ಹೊರದೇಶದಿಂದ ಯಂತ್ರಗಳು ಬಂದ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಗುಜರಿಯಲ್ಲಿ ಕೆದಕಿದರೆ ಒಂದೊಂದು ಸಲ ಅಪರಂಜಿಯಂಥ ತುಂಡು ಸಿಗುತ್ತದೆ. ಪೆಟ್ಟಿಗೆಯ ಮೇಲೆ ಸುಟ್ಟು ಒತ್ತಿದ ಮುದ್ರೆಯಲ್ಲಿ ‘ಎಚ್‌ಟಿ’ ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಾನಿಲ ಹಾಯಿಸಿದ್ದು, ಅಲ್ಲಿಯೇ ಬಿಡಿ. ಗರಗಸದಿಂದ ಕೊಯ್ಯುವ ಬದಲು ಸೀಳಿ, ಸೀಳಿನ ಗುಂಟವೇ ಕೆತ್ತಿದ ಕಡ್ಡಿ ಕಡಿಮೆ ತೂಕದಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಉಕ್ಕಿನ ತಂತಿಯ ಗಿಟಾರಿಗೆ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟುವ ಎರಡು ಮುಖ್ಯ ಕಡ್ಡಿಗಳ ಕ್ರಮವೇ ಸರಿ. ದಾಟುವ ಬಿಂದು 95 ಮಿ.ಮೀ. ವ್ಯಾಸದ ನಾದರಂಧ್ರದ ಅಂಚಿನಿಂದ ಸುಮಾರು 32 ಮಿ.ಮೀ. ಕೆಳಗಿರಲಿ. ಸ್ಪ್ರೂಸ್ ಮುಖಕ್ಕೆ ಈ ಕಡ್ಡಿಗಳನ್ನು 8 ಮಿ.ಮೀ. ಅಗಲ, 15 ಮಿ.ಮೀ. ಎತ್ತರ ಇಡುವವರಿದ್ದಾರೆ. ಗಟ್ಟಿಮರದ ಮುಖಕ್ಕೆ ನಾನು 7 ಮಿ.ಮೀ. ಅಗಲ, 13 ಮಿ.ಮೀ. ಎತ್ತರ ಇಡುತ್ತೇನೆ. ಅಗಲವನ್ನು ಇಳಿಸಿದರೆ ತೂಕ ಹೋದಷ್ಟೇ ಪ್ರಮಾಣದಲ್ಲಿ ಬಿಗಿ ಹೋಗುತ್ತದೆ, ಎತ್ತರವನ್ನು ಇಳಿಸಿದರೆ ಅದಕ್ಕಿಂತ ಬಹಳ ಬೇಗ ಹೋಗುತ್ತದೆ, ಆದ್ದರಿಂದ ಎತ್ತರವನ್ನು ಇದಕ್ಕಿಂತ ಇಳಿಸಬೇಡಿ. ಗಟ್ಟಿಮರದಲ್ಲಿ ಇನ್ನೊಂದು ಅನುಕೂಲವೂ ಇದೆ: ಸಿಟ್ಕಾ ಸ್ಪ್ರೂಸಿನಲ್ಲಿ ಎಳೆಗೆ ಅಡ್ಡಲಾಗಿರುವ ಬಿಗಿ ಉದ್ದದ ಬಿಗಿಯ ಸುಮಾರು ಹದಿಮೂರನೆಯ ಒಂದು ಪಾಲಾದರೆ ಮಹಾಗನಿಯಲ್ಲಿ ಅದು ಸುಮಾರು ಒಂಬತ್ತನೆಯ ಒಂದು ಪಾಲು. ಅಡ್ಡಬಿಗಿ ಹಲಗೆಯಲ್ಲಿಯೇ ಇರುವುದರಿಂದ ಪಕ್ಕಕ್ಕೆ ಚಾಚುವ ಚಿಕ್ಕ ಕಡ್ಡಿಗಳನ್ನು ಎರಡರ ಬದಲು ಒಂದಕ್ಕೆ ಇಳಿಸಬಹುದು, ಎತ್ತರವನ್ನೂ 5 ಮಿ.ಮೀ.ಗೆ ತರಬಹುದು.

ಕಡ್ಡಿಗಳ ಅಂಟುವ ಮುಖವನ್ನು ಸುಮಾರು 8.5 ಮೀಟರ್ ತ್ರಿಜ್ಯದ ಕಮಾನಿಗೆ ಉಜ್ಜಿ ಅಂಟಿಸಿದರೆ ಮುಖಹಲಗೆಗೆ ಕಣ್ಣಿಗೆ ಕಾಣದಷ್ಟು ಉಬ್ಬು ಬರುತ್ತದೆ. ಹವೆ ಒಣಗಿದಾಗ ಸೀಳುವ ಬದಲು ಈ ಉಬ್ಬು ಇಳಿದು ಹಲಗೆಯನ್ನು ಕಾಪಾಡುತ್ತದೆ. ಕುದುರೆಯ ಕೆಳಗೆ ಒಳಮೈಗೆ 2.5 ಮಿ.ಮೀ. ದಪ್ಪದ ಬೀಟೆಯ ತಟ್ಟೆ ಸಾಕು. ಅಂಟು ಒಣಗಿದ ಮೇಲೆ ಕಡ್ಡಿಗಳ ತುದಿಗಳನ್ನು ಉಳಿಯಿಂದ ಇಳಿಜಾರಾಗಿ ಕೆತ್ತುತ್ತ, ಪ್ರತಿ ಸಲ ತಟ್ಟಿ, ಎರಡೂ ಕೈಯಿಂದ ಮೆಲ್ಲನೆ ಬಾಗಿಸಿ ನೋಡುತ್ತ ಹೋಗಿ. ಉಳಿ ಎಷ್ಟು ಹರಿತವಿರಬೇಕೆಂದರೆ ಕಡ್ಡಿಯ ಮೇಲೆ ಒತ್ತಡ ಬೀಳದೆ ಸಿಪ್ಪೆ ಏಳಬೇಕು.

ಪೆಟ್ಟಿಗೆ, ದಂಡಿ, ಕುದುರೆ

ಬೆನ್ನು, ಪಕ್ಕ, ದಂಡಿಗಳ (ದಂಡಿ ಎಂದರೆ ಗಿಟಾರಿನ ಕತ್ತು) ಕೆಲಸ ಯಾವ ಗಿಟಾರಿಗಾದರೂ ಒಂದೇ. ಪಕ್ಕದ ಪಟ್ಟಿಗಳನ್ನು 2 ಮಿ.ಮೀ.ಗೆ ತಂದು, ನೀರು ಚಿಮುಕಿಸಿ, 150ರಿಂದ 160 ಡಿಗ್ರಿಗೆ ಕಾದ ಕಬ್ಬಿಣದ ಕೊಳವೆಯ ಮೇಲೆ ಬಗ್ಗಿಸಿ ಅಚ್ಚಿಗೆ ಕಟ್ಟಬೇಕು. ಬೆತ್ತ ಬಗ್ಗಿಸಿ ಗೊತ್ತಿರುವವರ ಕೈ ಇದಕ್ಕೆ ಬೇಗ ಒಗ್ಗುತ್ತದೆ. ದಂಡಿಗೆ ಗಂಧಗರಿಗೆ, ಬೆರಳ ಹಲಗೆಗೆ ಹಳೆಯ ಮೇಜಿನ ಬೀಟೆ ಹಾಕಿ. ತಂತಿಯ ಉದ್ದ 650 ಮಿ.ಮೀ. ಆದರೆ ಮೊದಲ ಮೆಟ್ಟು 36.48 ಮಿ.ಮೀ.ಗೆ, ಹನ್ನೆರಡನೆಯದು 325ಕ್ಕೆ, ಪೆಟ್ಟಿಗೆಯ ಅಂಚಿಗೆ ಬರುವ ಹದಿನಾಲ್ಕನೆಯದು 360.5ಕ್ಕೆ ಬೀಳುತ್ತದೆ. ಕುದುರೆಯ ಮೇಲಿನ ಎಲುಬಿನ ಪಟ್ಟಿಯನ್ನು ಸಣ್ಣ ತಂತಿಯ ಕಡೆ 652ಕ್ಕೆ, ದಪ್ಪ ತಂತಿಯ ಕಡೆ 655ಕ್ಕೆ ಕೂರಿಸಬೇಕು, ಇಲ್ಲದಿದ್ದರೆ ಮೇಲಿನ ಮೆಟ್ಟುಗಳಲ್ಲಿ ಶ್ರುತಿ ಏರುತ್ತದೆ.

ಕುದುರೆಯನ್ನು ಬೀಟೆಯಲ್ಲಿ ಮಾಡುವುದು ವಾಡಿಕೆ. ನಾನು ಒಂದೇ ಅಳತೆಯ ಎರಡು ಮಾಡಿ ತೂಗಿದಾಗ ಬೀಟೆಯದು 27 ಗ್ರಾಂ, ತೇಗದ್ದು 21 ಗ್ರಾಂ ಬಂತು. ಅಂದಿನಿಂದ ಗಟ್ಟಿಮರದ ಮುಖಕ್ಕೆ ತೇಗದ ಕುದುರೆಯನ್ನೇ ಇಡುತ್ತಿದ್ದೇನೆ. ಆರು ಗ್ರಾಂ ಏನು ಮಹಾ ಎನ್ನಬೇಡಿ, ಕಂಪಿಸುವ ಹಲಗೆಯ ನಟ್ಟನಡುವೆ ಕೂತ ಆರು ಗ್ರಾಂ ಅದು. ನಾದರಂಧ್ರದ ಸುತ್ತ ಕೆತ್ತನೆಯ ಬಳೆ ಬೇಕೆನಿಸಿದರೆ ಶಿರಸಿ, ಕುಮಟಾಗಳ ಗುಡಿಗಾರರ ಕೈ ನೆನಪಾಗುವುದು ಸಹಜ, ಆದರೆ ಕೆತ್ತನೆ 1 ಮಿ.ಮೀ.ಗಿಂತ ಆಳವಾಗದಂತೆ ಮೊದಲೇ ಹೇಳಬೇಕು.

ಪಾಲಿಶ್

ಗಟ್ಟಿಮರದಲ್ಲಿ ಸೂಕ್ಷ್ಮರಂಧ್ರಗಳು ದೊಡ್ಡವು. ಕನ್ನಡಿಯಂಥ ಹೊಳಪಿಗಾಗಿ ಅವನ್ನೆಲ್ಲ ಮೆತ್ತಿ ತುಂಬಿಸಿ ಮೇಲೆ ದಪ್ಪ ಲ್ಯಾಕರ್ ಹೊಡೆದರೆ, ಅಷ್ಟು ಕಷ್ಟಪಟ್ಟು ಇಳಿಸಿದ ತೂಕ ಮರಳಿ ಬಂದು ಕೂರುತ್ತದೆ. ಮುಖಕ್ಕೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳುವಾಗಿ ತೀಡುವ ಫ್ರೆಂಚ್ ಪಾಲಿಶ್ ಸಾಕು, ರಂಧ್ರಗಳು ಸ್ವಲ್ಪ ಕಂಡರೆ ಕಾಣಲಿ. ಮಳೆಗಾಲದಲ್ಲಿ ಮಾತ್ರ ಇದನ್ನು ಹಚ್ಚಬಾರದು. ಸ್ಪಿರಿಟ್ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ತೇವವನ್ನು ಹಿಡಿದು, ಪಾಲಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ದೋಣಿಗೂ ಬಾಗಿಲಿಗೂ ಬಳಿಯುವ ಗೇರೆಣ್ಣೆ ಹುಳುವಿಗೆ ಒಳ್ಳೆಯ ಮದ್ದಾದರೂ ಗಿಟಾರಿಗೆ ಬೇಡವೇ ಬೇಡ. ಮುಟ್ಟಿದರೆ ಚರ್ಮ ಸುಡುತ್ತದೆ, ಮರವನ್ನು ಕಪ್ಪು ಮಾಡುತ್ತದೆ, ಬೇಗ ಗಡುಸಾಗುವುದೂ ಇಲ್ಲ.

ತಂತಿ ಹಾಕಿದ ಮೇಲೆ

ಮೊದಲು 11ರಿಂದ ಆರಂಭವಾಗುವ, ಅಂದರೆ ಅತಿ ಸಣ್ಣ ತಂತಿ 0.011 ಅಂಗುಲ ದಪ್ಪವಿರುವ, ಹಗುರ ತಂತಿಗಳನ್ನು ಹಾಕಿ, ಒಂದು ಸ್ವರ ತಗ್ಗಿಸಿ ಎರಡು ದಿನ ಬಿಟ್ಟು, ಆಮೇಲೆ ಪೂರ್ಣ ಶ್ರುತಿಗೆ ಏರಿಸಿ. ಎಳೆತಕ್ಕೆ ಕುದುರೆ ತುಸು ಮುಂದಕ್ಕೆ ವಾಲುವುದು ಸಹಜ. ತಂತಿ ಹಾಕುವ ಮೊದಲು ಮತ್ತು ಹದಿನೈದು ದಿನ ಬಿಟ್ಟು, ಮೊಬೈಲಿನ ಕೋನಮಾಪಕವನ್ನು ತೆಳು ಪಟ್ಟಿಯ ಮೇಲಿಟ್ಟು ಕುದುರೆಯ ವಾಲನ್ನು ಅಳೆಯಿರಿ. ವ್ಯತ್ಯಾಸ 2 ಡಿಗ್ರಿಯ ಹತ್ತಿರವಿದ್ದರೆ ಹಲಗೆ ಸರಿಯಾದ ಹದದಲ್ಲಿದೆ. 3 ದಾಟಿದರೆ ತಂತಿಯನ್ನು ಇನ್ನೂ ಹಗುರ ಮಾಡಿ. ಅರ್ಧ ಡಿಗ್ರಿಯೂ ಅಲುಗದಿದ್ದರೆ ಹಲಗೆ ಇನ್ನೂ ದಪ್ಪವಾಗಿದೆ, ಆಗ ನಾದರಂಧ್ರದೊಳಗೆ ಕೈ ಹಾಕಿ, ಚಿಕ್ಕ ಉಜ್ಜುಗೊರಡಿನಿಂದ ಕೆಳಗಿನ ಕಡ್ಡಿಗಳ ತುದಿಯನ್ನು ಇಳಿಸಬಹುದು. ಒಂದು ದಿನಕ್ಕೆ ಒಂದು ಕಡ್ಡಿ, ಅದಕ್ಕಿಂತ ಹೆಚ್ಚು ಬೇಡ.

ದನಿಯ ಬಗ್ಗೆ ನಿರೀಕ್ಷೆ ಸರಿಯಾಗಿರಲಿ. ಸ್ಪ್ರೂಸಿನ ಮಿಂಚು, ದೂರಕ್ಕೆ ಎಸೆಯುವ ಗುಣ ಇದರಲ್ಲಿ ಸಿಗುವುದಿಲ್ಲ. ಸ್ವರದ ಮೂಲಧ್ವನಿ ಮುಂದಿದ್ದು, ಅದರ ಮೇಲಿನ ಝೇಂಕಾರ ಕಡಿಮೆಯಿರುತ್ತದೆ. ಹಾಡಿನ ಜೊತೆಗೆ, ಬೆರಳಿನಿಂದ ಬಿಡಿಸಿ ನುಡಿಸುವವರಿಗೆ, ಮೈಕಿನ ಮುಂದೆ ಧ್ವನಿಮುದ್ರಣಕ್ಕೆ ಇದು ಹೊಂದುತ್ತದೆ. ಹತ್ತು ಜನ ಒಟ್ಟಿಗೆ ಬಾರಿಸುವಲ್ಲಿ ಕೇಳಿಸಬೇಕೆಂದರೆ ಬೇರೆ ಗಿಟಾರ್ ನೋಡಿಕೊಳ್ಳಿ.

ಮಳೆ ಹಿಡಿದ ಮೇಲೆ ಮುಖಹಲಗೆ ಉಬ್ಬಿ ತಂತಿ ಮೆಟ್ಟಿನಿಂದ ಮೇಲೇಳುತ್ತದೆ, ಮಾಘ ಫಾಲ್ಗುಣದಲ್ಲಿ ಇಳಿದು ಗರಗರ ಎನ್ನುತ್ತದೆ. ಪ್ರತಿ ಸಲ ದಂಡಿಯೊಳಗಿನ ಕಂಬಿಯನ್ನು ತಿರುಗಿಸಿ ಇದನ್ನು ಸರಿಮಾಡಲು ಹೋಗಬೇಡಿ, ಕೆಟ್ಟದ್ದು ಅಲ್ಲಿಯಲ್ಲ. ಕುದುರೆಯ ಮೇಲಿನ ಎಲುಬಿನ ಪಟ್ಟಿಯನ್ನೇ ಎರಡು ಮಾಡಿ, ಒಂದನ್ನು ಇನ್ನೊಂದಕ್ಕಿಂತ ಮುಕ್ಕಾಲು ಮಿ.ಮೀ. ಎತ್ತರ ಇಟ್ಟು, ತಗ್ಗಿನದರ ಬದಿಗೆ ಪೆನ್ಸಿಲಿನಿಂದ ‘ಮಳೆ’ ಎಂದೂ ಎತ್ತರದ್ದಕ್ಕೆ ‘ಬೇಸಿಗೆ’ ಎಂದೂ ಬರೆದು, ಬಳಸದ್ದನ್ನು ಗಿಟಾರಿನ ಚೀಲದ ಜೇಬಿನಲ್ಲಿಯೇ ಇಡಿ.